ಎಂಟನೆಯ ತಿಂಗಳ ಸೋಮವಾರ

ಗುರುಲಿಂಗವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕಾಲು ನೀಡಿಕೊಂಡು ಗೋಡೆಗೆ ಒರಗಿದರೆ ಮಾತ್ರ ಬೆನ್ನಿಗೆ ಸಮಾಧಾನ ಅನ್ನುವಂತಾಗಿ ಎಂಟು ದಿನವಾಗಿತ್ತು. ಹರಳು ಆಚೆಗೆ, ಕಾಳು ಈಚೆಗೆ. ಕಣ್ಣು ಬೇರೆಲ್ಲೋ ಇದ್ದರೂ ಬೆರಳು ತನ್ನ ಕೆಲಸ ತಾನು ಮಾಡುತ್ತಿತ್ತು. ಅತ್ತೆ ಸಿದ್ದಲಿಂಗವ್ವ ಪಡಸಾಲೆಯ ನೆಲ ಸಾರಿಸುತ್ತ ಹಿಂದೆ ಹಿಂದೆ ಸರಿಯುತ್ತಿದ್ದಳು. ಗಂಡ ಕಾಶಪ್ಪ ಹೊರಗಿನ ಕಟ್ಟೆಯ ಮೇಲೆ ಪುಸ್ತಕ ಹಿಡಿದು ಕೂತಿದ್ದ. ಆಡುವ ಮಾತೆಲ್ಲ ತಾಯಿ ಮಗ ನಿನ್ನೆಯೇ ಆಡಿ ಮುಗಿಸಿದ್ದರು. ಮೊನ್ನೆಯೂ ಅದನ್ನೇ ಆಡಿದ್ದರು.

ಇವತ್ತು ಸೋಮವಾರ. ಮಠದ ಅಯ್ಯನವರಾದ ಸಂಗಯ್ಯನವರು ಬರುವ ದಿನ. ಕಾಶಪ್ಪನ ಮನೆತನದಲ್ಲಿ ಲಿಂಗ ಕಟ್ಟಲು ಕೂಸು ಹುಟ್ಟುವ ತನಕ ಕಾಯುವುದಿಲ್ಲ. ಬಸುರಿಗೆ ಎಂಟು ತುಂಬುವುದರೊಳಗೆ ಅಯ್ಯನವರು ಬಂದು, ಹೊಟ್ಟೆಯೊಳಗಿನ ಜೀವದ ಹೆಸರಿನಲ್ಲಿ ಒಂದು ಪುಟ್ಟ ಲಿಂಗವನ್ನು ತಾಯಿಯ ಕೊರಳಿಗೆ ಕಟ್ಟುತ್ತಾರೆ. ತನ್ನದೊಂದು, ಕೂಸಿನದೊಂದು, ಎರಡನ್ನೂ ಹೊತ್ತು ತಾಯಿ ದಿನ ತುಂಬಿಸುತ್ತಾಳೆ. ಹೆತ್ತ ಮೇಲೆ ಕೂಸಿನದು ಕೂಸಿನ ಕೊರಳಿಗೆ ಹೋಗುತ್ತದೆ.

ಅದು ಬೇಡವೆಂದು ಕಾಶಪ್ಪ ಹಟ ಹಿಡಿದಿದ್ದ.

ಹಟ ಅನ್ನುವ ಮಾತು ಅವನಿಗೆ ಸರಿಬರುತ್ತಿರಲಿಲ್ಲ. ಅವನು ತತ್ತ್ವ ಅನ್ನುತ್ತಿದ್ದ. ಪುಣೆಯಲ್ಲಿ ಐದು ವರ್ಷ ಓದಿ ಬಂದು ಬಾಗಲಕೋಟೆಯ ಇಂಗ್ಲಿಷ್ ಸಾಲೆಯಲ್ಲಿ ಮಾಸ್ತರನಾಗಿದ್ದವನು. ಓಣಿಯ ಗಂಡಸರಂತೆ ಕೈ ಎತ್ತುವವನಲ್ಲ, ಒರಟು ಮಾತು ಆಡುವವನಲ್ಲ. ಮೂರನೆಯ ಇಯತ್ತೆಗೆ ಸಾಲೆ ಬಿಟ್ಟಿದ್ದ ಹೆಂಡತಿಗೆ ಪಾಟಿ ತಂದುಕೊಟ್ಟು, ಮರೆತ ಒತ್ತಕ್ಷರಗಳನ್ನು ಮತ್ತೆ ತಿದ್ದಿಸಿದವನು. ವಿಲಾಯತಿಯ ತತ್ತ್ವಜ್ಞಾನಿಗಳ ದಪ್ಪ ದಪ್ಪ ಪುಸ್ತಕಗಳು ಅವನ ಟ್ರಂಕಿನಲ್ಲಿದ್ದವು. ಅವುಗಳ ತಳದಲ್ಲಿ, ಒಂದು ಬಿಳಿ ಅರಿವೆಯಲ್ಲಿ ಸುತ್ತಿ, ಅವನು ಕೊರಳಿನಿಂದ ತೆಗೆದಿಟ್ಟ ಲಿಂಗವೂ ಇತ್ತು. ಅದು ಗೊತ್ತಿದ್ದದ್ದು ಮನೆಯ ಇಬ್ಬರು ಹೆಂಗಸರಿಗೆ ಮಾತ್ರ. ಸಿದ್ದಲಿಂಗವ್ವ ಆ ಟ್ರಂಕಿನ ಮೇಲೆ ಹಾಸಿಗೆ ಒಟ್ಟಿಟ್ಟಿದ್ದಳು.

"ಬುದ್ಧಿ ಬರೂಕಿಂತ ಮೊದಲ ಯಾರ ಮ್ಯಾಲೂ ಯಾವ ಮತಾನೂ ಹೊರಸಬಾರ್ದವ್ವಾ," ಎಂದು ಅವನು ನಿನ್ನೆ ತಾಯಿಗೆ ಬಿಡಿಸಿ ಹೇಳಿದ್ದ. "ಕೂಸು ದೊಡ್ಡದಾಗ್ಲಿ. ನಾಕು ಮತ ನೋಡ್ಲಿ. ಬೇಕಾದ್ದು ತಾನಾ ಆರಿಸಿಕೊಳ್ಳಲಿ. ಸರಕಾರ ನೋಡು, ಯಾವ ದೇವರ ಕಡೀಗೂ ವಾಲಂಗಿಲ್ಲ. ನಮ್ಮ ಸಾಲ್ಯಾಗ ಯಾವ ಮತಾನೂ ಕಲಸಂಗಿಲ್ಲ. ಸರಕಾರ ನಡಸೋರೂ ಇವ ಪುಸ್ತಕ ಓದ್ಯಾರ. ಮನಿನೂ ಹಂಗ ಇರಬೇಕು."

"ಸರಕಾರ ಏನು ಬಸರಾಗೈತೇನೋ?" ಅಂದಿದ್ದಳು ಸಿದ್ದಲಿಂಗವ್ವ. "ಆಗಿದ್ರ ಅದರ ಕೂಸಿಗೆ ಬ್ಯಾಡಂತ ಹೇಳು. ನನ್ನ ಮೊಮ್ಮಗನ ಗೊಡವಿ ಅದಕ್ಯಾಕ?"

ಆ ಸರಕಾರವೂ ಕಾಶಪ್ಪ ತಿಳಿದಷ್ಟು ಸಲೀಸಾಗಿರಲಿಲ್ಲ. ಹೋದ ವರ್ಷದ ಖಾನೇಸುಮಾರಿಯಲ್ಲಿ ಓಣಿಯ ಜನರನ್ನೆಲ್ಲ ಬರೆದುಕೊಳ್ಳುವ ಕೆಲಸ ಮಾಸ್ತರರಿಗೇ ಬಿದ್ದಿತ್ತು. ಕಾಶಪ್ಪ ತನ್ನ ಹೆಸರಿನ ಮುಂದೆ ಧರ್ಮ ಬರೆಯುವ ಚೌಕವನ್ನು ಖಾಲಿ ಬಿಟ್ಟಿದ್ದ. ಕಚೇರಿಯಿಂದ ಕಾಗದ ತಿರುಗಿ ಬಂತು: ಯಾವ ಚೌಕವೂ ಖಾಲಿ ಇರಕೂಡದು. ಅವನು ಒಂದು ತಾಸು ಲೇಖಣಿ ಹಿಡಿದು ಕೂತು, ಕೊನೆಗೆ ಅಪ್ಪ ಏನಾಗಿದ್ದನೋ ಅದನ್ನೇ ಬರೆದ. ಗುರುಲಿಂಗವ್ವ ಒಳಗಿನಿಂದ ನೋಡಿದ್ದಳು. ಆ ದಿನ ಅವನು ಊಟ ಮಾಡಿರಲಿಲ್ಲ.

ಅವಳು ಎಲ್ಲವನ್ನೂ ಹೀಗೆ ಒಳಗಿನಿಂದಲೇ ನೋಡುವವಳು. ಗಂಡನ ಮಾತು ಅವಳಿಗೆ ತಿಳಿಯುತ್ತಿರಲಿಲ್ಲವೆಂದಲ್ಲ. ಅದರಲ್ಲಿ ತಪ್ಪು ಎಲ್ಲಿದೆಯೆಂದು ಹುಡುಕಿದರೆ ಸಿಗುತ್ತಲೂ ಇರಲಿಲ್ಲ. ಆದರೆ ಅವಳಿಗೆ ಮೊದಲ ಕೂಸಿನ ಕೈ ನೆನಪಿತ್ತು. ಹುನಗುಂದದ ತವರಿನಲ್ಲಿ ಹುಟ್ಟಿ, ಒಂಬತ್ತು ದಿನ ಇದ್ದು ಹೋದ ಹೆಣ್ಣು ಕೂಸು. ಮಣ್ಣಿಗೆ ಒಯ್ಯುವ ಮೊದಲು ಸಂಗಯ್ಯನವರೇ ಅಂಗಳದಲ್ಲಿ ಕೂತು ಅದರ ಎಡಗೈಯಲ್ಲಿ, ತವರಿನವರು ಬಸುರಿನಲ್ಲೇ ಕಟ್ಟಿಸಿದ್ದ ಲಿಂಗ ಇಟ್ಟರು. ಅಷ್ಟು ಸಣ್ಣ ಮುಷ್ಟಿ, ಮುಚ್ಚಲೊಲ್ಲದು. ಅವರು ಬೆರಳ ಮೇಲೆ ದಾರ ಸುತ್ತಿ, ಸುತ್ತಿ, ಗಂಟು ಹಾಕದೆ ಸಿಕ್ಕಿಸಿದರು. "ಬರಿಗೈಲೆ ಹೋಗಲಿಲ್ಲ ತಂಗಿ," ಅಂದರು. ಎರಡು ವರ್ಷ ಅವಳು ಆ ಒಂದು ಮಾತನ್ನು ಹಿಡಿದುಕೊಂಡು ನೀರು ತಂದಿದ್ದಳು, ರೊಟ್ಟಿ ಬಡಿದಿದ್ದಳು. ಈ ಕೂಸು ಉಳಿದರೆ ದೊಡ್ಡದಾಗಿ ಬೇಕಾದ್ದನ್ನು ಆರಿಸಿಕೊಳ್ಳಲಿ. ಉಳಿಯದಿದ್ದರೆ? ಆ ಮಾತನ್ನು ಗಂಡನೆದುರು ಬಾಯಿಗೆ ತರಲು ಅವಳಿಗೆ ಧೈರ್ಯವಿರಲಿಲ್ಲ. ಬಾಯಿಗೆ ಬಂದದ್ದು ನಿಜವಾಗಿಬಿಟ್ಟರೆ ಅನ್ನುವ ಅಂಜಿಕೆ.

ಬಿಸಿಲು ಅಂಗಳದ ನಡುವಿಗೆ ಬರುವ ಹೊತ್ತಿಗೆ ಸಂಗಯ್ಯನವರು ಬಂದರು. ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತುತ್ತ, "ಏನ್ ಮಾಸ್ತರ, ಇನ್ನೂ ಓದು ಮುಗೀಲಿಲ್ಲೇನು? ನಿಮ್ಮ ಸಾಹೇಬರು ಎಷ್ಟಂತ ಬರದಾರು?" ಅಂದರು. ಗುರುಲಿಂಗವ್ವ ತಂಬಿಗೆಯಲ್ಲಿ ನೀರು ತಂದಿಟ್ಟು ಒಳಗೆ ಸರಿದಳು. ಸಿದ್ದಲಿಂಗವ್ವ ಅವರ ಕಾಲು ತೊಳೆದು ಕಂಬಳಿಯ ಮೇಲೆ ಕೂಡಿಸಿದಳು. ಸಂಗಯ್ಯನವರು ಜೋಳಿಗೆಯಿಂದ ಒಂದು ಅರಿವೆಯ ಗಂಟು ತೆಗೆದು ಬಿಚ್ಚಿದರು. ಒಳಗೆ ನೇರಳೆ ಹಣ್ಣಿನಷ್ಟು ದೊಡ್ಡದೂ ಇಲ್ಲದ, ಕರ್ರಗೆ ಹೊಳೆಯುವ ಲಿಂಗ.

ಕಾಶಪ್ಪ ಪುಸ್ತಕ ಮಡಿಸಿ ಬಂದು ಕೈಮುಗಿದ. "ಅಯ್ಯನವರ, ತಪ್ಪು ತಿಳೀಬ್ಯಾಡ್ರಿ. ಇದು ಬ್ಯಾಡಂತ ನನ್ನ ವಿಚಾರ."

"ತಪ್ಪು ತಿಳಿಯಾಕ ಮೊದಲು ನನಗ ತಿಳೀಬೇಕಲ್ಲಪಾ. ಯಾಕ ಬ್ಯಾಡ?"

ಅವನು ಹೇಳಿದ. ನಿನ್ನೆ ತಾಯಿಗೆ ಹೇಳಿದ್ದನ್ನೇ, ಇನ್ನಷ್ಟು ನಯವಾಗಿ. ಸಂಗಯ್ಯನವರು ತಲೆದೂಗುತ್ತ ಪೂರಾ ಕೇಳಿದರು. "ನೀ ಸಣ್ಣಾವಿದ್ದಾಗ ನಿನಗ ಹಾಲು ಕುಡಸೂ ಮುಂದ ಯಾರೂ ಕೇಳಲಿಲ್ಲ ನೋಡು," ಅಂದರು ಕೊನೆಗೆ. ಕಾಶಪ್ಪನಿಗೂ ನಗು ಬಂತು. ಆದರೆ ಅವನು ಜಗ್ಗಲಿಲ್ಲ.

ಆಗ ಸಿದ್ದಲಿಂಗವ್ವ ಸೆರಗು ಕೊಡವಿ ಎದ್ದಳು. "ನಿನ್ನ ವಿಚಾರ, ನಿನ್ನ ವಿಚಾರ! ಹೊಟ್ಟಿ ಯಾರ್ದೋ? ಹೊತ್ತಾಕಿನ್ನ ಒಂದು ಮಾತು ಕೇಳೀಯೇನು?"

ಕಾಶಪ್ಪನ ಮುಖ ಅರಳಿತು. ತಾಯಿ ಸಿಟ್ಟಿನಿಂದ ಎಸೆದ ಮಾತು ಅವನಿಗೆ ತನ್ನ ಪುಸ್ತಕದೊಳಗಿನ ಮಾತಿನಂತೆಯೇ ಕೇಳಿಸಿತ್ತು. "ಖರೆ ಅಂದಿ ಅವ್ವಾ. ನಾನೂ ಕೇಳಲಿಲ್ಲ, ನೀನೂ ಕೇಳಲಿಲ್ಲ. ಆಕೀನೂ ಸ್ವತಂತ್ರ ಮನುಷ್ಯಾಳ. ಗುರುಲಿಂಗವ್ವಾ, ಹೊರಗ ಬಾ."

ಪರರೆದುರು ಗಂಡ ಹೆಸರು ಹಿಡಿದು ಕರೆದದ್ದಕ್ಕೇ ಅವಳ ಕಿವಿ ಬಿಸಿಯಾದವು. ಬಾಗಿಲ ಪಕ್ಕದ ಕಂಬದ ಮರೆಗೆ ಬಂದು ನಿಂತಳು.

"ಅಂಜಬ್ಯಾಡ," ಅಂದ ಅವನು. "ನಾ ಏನಂತೇನಿ, ಅವ್ವ ಏನಂತಾಳ, ಎರಡೂ ಕೇಳಿದಿ. ನಿನ್ನ ಮನಸಿನಾಗ ಏನೈತಿ? ಕೂಸಿಗೆ ಲಿಂಗ ಕಟ್ಟಸೂದೋ ಬ್ಯಾಡೋ? ನೀ ಹೇಳಿದಂಗ."

ಹುಟ್ಟಿದ ಇಪ್ಪತ್ತು ವರ್ಷದಲ್ಲಿ ಅವಳನ್ನು ಯಾರೂ ಹೀಗೆ ಕೇಳಿರಲಿಲ್ಲ. ಸಾಲೆ ಬಿಡಿಸಿದಾಗ ಕೇಳಿರಲಿಲ್ಲ, ಬಾಗಲಕೋಟೆಗೆ ಕೊಟ್ಟಾಗ ಕೇಳಿರಲಿಲ್ಲ. ಈಗ ಮೂರು ಜನ ಅವಳ ಬಾಯಿ ನೋಡುತ್ತಿದ್ದರು. ಕಟ್ಟಿಸಿರಿ ಅನ್ನುವ ಮಾತು ಗಂಟಲ ತನಕ ಬಂದಿತ್ತು. ಅದನ್ನು ಅಂದರೆ ಅಯ್ಯನವರೆದುರು, ತಾಯಿಯೆದುರು, ಹೆಂಡತಿಯೇ ಗಂಡನ ಮಾತು ತೆಗೆದು ಹಾಕಿದಂತೆ. ಪಾಟಿ ತಂದುಕೊಟ್ಟವನ ಮುಖ ಸಣ್ಣದಾಗುವುದನ್ನು ಅವಳು ಈಗಲೇ ಕಂಡಳು. ಹಿರಿಯರು ಏನು ಕೇಳಿದರೂ ಸೊಸೆಯಾದವಳು ಹೇಳುವ ಉತ್ತರ ಒಂದೇ. ಅದು ಕಲಿಸದೆ ಬರುವಂಥದು. ಅದೇ ಬಂತು.

"ನೀವು ಹೆಂಗ ಹೇಳ್ತೀರಿ ಹಂಗ್ರಿ."

"ನೋಡಿದೀ?" ಅಂದ ಕಾಶಪ್ಪ ತಾಯಿಗೆ.

"ನೀ ನೋಡಿದೀ?" ಅಂದಳು ಸಿದ್ದಲಿಂಗವ್ವ. "ಆಕಿ ನನ್ನ ಮಾರಿ ನೋಡಿ ಅಂದ್ಲು!"

ಸಂಗಯ್ಯನವರು ಅವಳನ್ನೇ ನೋಡುತ್ತಿದ್ದರು. "ಯಾರಿಗಂದಿ ತಂಗಿ?" ಎಂದು ಮೆಲ್ಲಗೆ ಕೇಳಿದರು. ಗುರುಲಿಂಗವ್ವ ಕಂಬದ ಗೆರೆಯನ್ನು ಉಗುರಿನಿಂದ ಕೆರೆಯುತ್ತ ನಿಂತಳು. ಅವರು ಕಾಶಪ್ಪನ ಕಡೆ ತಿರುಗಿದರು. ಅವನ ಅಂಗಿಯ ಎದೆಯ ಮೇಲೆ ಅವರ ಕಣ್ಣು ನಿಂತಿತು.

"ಮಾಸ್ತರ, ಒಂದು ಕೇಳ್ತೇನಿ. ಕೂಸಿಂದಿರಲಿ. ನಿನ್ನ ಕೊರಳಾಗಿಂದು ಐತೋ?"

"ಅಯ್ಯನವರ, ಮೊದಲು ಹಾಲು ಕುಡೀರಿ..." ಎಂದು ಸಿದ್ದಲಿಂಗವ್ವ ಹಾಲಿನ ಬಟ್ಟಲು ಮುಂದಿಡುತ್ತ ನಡುವೆ ಬಂದಳು.

ಸುಳ್ಳಾಡುವುದು ಕಾಶಪ್ಪನ ತತ್ತ್ವದಲ್ಲಿರಲಿಲ್ಲ. "ಇಲ್ರಿ," ಅಂದ.

ಸಂಗಯ್ಯನವರು ಪುಟ್ಟ ಲಿಂಗವನ್ನು ಅರಿವೆಯಲ್ಲಿ ಸುತ್ತಿ ಜೋಳಿಗೆಗೆ ಹಾಕಿಕೊಂಡರು. ಸಿಟ್ಟು ಮಾಡಲಿಲ್ಲ. ಹಾಲಿನ ಬಟ್ಟಲನ್ನು ಮಾತ್ರ ಬಾಯಿಗೆ ತಾಗಿಸದೆ ಆಚೆ ಸರಿಸಿದರು. "ಮನಿ ಯಜಮಾನ ಒಲ್ಲೆ ಅಂದಲ್ಲಿ ನಾ ಕಟ್ಟಾಕ ಬರಂಗಿಲ್ಲವ್ವ. ಮಗ ಪುಣೆದಿಂದ ಬಂದಾಗಿಂದ ನಾಕು ವರ್ಷ ಹಿಂಗ ನಡದಂಗಾತು, ಅಲ್ಲೇನು? ನನಗ ಭಾಳ ದಣಿವಾಗೈತಿ. ಮಧ್ಯಾಹ್ನಾದ ಮ್ಯಾಲ ಮಠದಿಂದ ಬಂಡಿ ಹೊಂಡತೈತಿ. ಹುನಗುಂದ, ಇಳಕಲ್ಲ ಮುಗಿಸಿ ಬರೂದು ಇನ್ನ ಯುಗಾದಿ ದಾಟಿದ ಮ್ಯಾಲ." ಮೊಣಕಾಲು ಹಿಡಿದುಕೊಂಡು ಇಳಿದು ಹೋದರು.

ಯುಗಾದಿಗೆ ಎರಡು ತಿಂಗಳಿತ್ತು. ಗುರುಲಿಂಗವ್ವನ ಹೆರಿಗೆಗೆ ಅಷ್ಟು ದಿನವಿರಲಿಲ್ಲ.

ಆಮೇಲೆ ಯಾರೂ ಜಗಳ ಮಾಡಲಿಲ್ಲ. ಮಾಡಲು ಕಸುವಿರಲಿಲ್ಲ. ಕಾಶಪ್ಪ ಒಳಗೆ ಬಂದು, ಒಲೆಯ ಮುಂದೆ ಕೂತಿದ್ದ ಹೆಂಡತಿಯ ಹತ್ತಿರ ನಿಂತು, "ನೀ ನನ್ನ ಮಾತು ಎತ್ತಿ ಹಿಡದಿ. ಭಾಳ ಸಮಾಧಾನ ಆತು," ಅಂದ. ಅವನ ಕಣ್ಣಲ್ಲಿ ನೀರಿತ್ತು. ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

ಊಟಕ್ಕೆ ಸಿದ್ದಲಿಂಗವ್ವ ತಾನೇ ತಾಟು ಇಟ್ಟಳು. ಒಂದನ್ನು ಅಡುಗೆಮನೆಯಲ್ಲಿ, ತನ್ನ ಮುಂದೆ. ಮಗನದನ್ನು ಒಯ್ದು ಪಡಸಾಲೆಯಲ್ಲಿ, ಬಾಗಿಲ ಆಚೆಗೆ. "ಲಿಂಗ ಬಿಟ್ಟಾವನ ಪಂಗ್ತೀಲಿ ಉಣಬಾರ್ದಂತ ನನಗೇನು ಗೊತ್ತಿರಲಿಲ್ಲೇನು?" ಎಂದಳು, ಯಾರ ಮುಖವನ್ನೂ ನೋಡದೆ. "ಹಡದ ಮಗ. ಊರಿಗೆ ಗೊತ್ತಿಲ್ಲ, ದೇವರಿಗೂ ಗೊತ್ತಿಲ್ಲ ಅನಕೊಂಡು ಉಂಡೆ. ಇನ್ನ ಹೆಂಗ ಉಣ್ಲಿ?"

ಕಾಶಪ್ಪ ಪಡಸಾಲೆಯಲ್ಲಿ ಕೂತ. "ಇರಲಿ. ಅವ್ವನ ನಂಬಿಗಿ ಅವ್ವಂದು," ಎಂದು ಹೆಂಡತಿಗೆ ಮಾತ್ರ ಕೇಳುವಂತೆ ಅಂದ. ಅದನ್ನೂ ನಯವಾಗಿಯೇ ಅಂದ.

ಗುರುಲಿಂಗವ್ವ ಒಳಗೆ ಒಂದು ರೊಟ್ಟಿ ಬಡಿಸಿದಳು, ಹೊರಗೆ ಒಂದು ರೊಟ್ಟಿ ಬಡಿಸಿದಳು. ಒಳಗೆ ಪಲ್ಯ, ಹೊರಗೆ ಪಲ್ಯ. ಪ್ರತಿ ಸಲ ಹೊಸ್ತಿಲು ದಾಟುವಾಗ ಚೌಕಟ್ಟು ಹಿಡಿದು ಒಂದು ಕಾಲು, ಆಮೇಲೆ ಇನ್ನೊಂದು ಕಾಲು. ಇಬ್ಬರೂ ತಲೆ ತಗ್ಗಿಸಿಕೊಂಡು ಉಣ್ಣುತ್ತಿದ್ದರು. ಹೊಟ್ಟೆಯೊಳಗೆ ಕೂಸು ಒಮ್ಮೆ ಮಗ್ಗುಲು ಬದಲಿಸಿತು. ಮೊಣಕೈಯೋ ಹಿಮ್ಮಡಿಯೋ ಪಕ್ಕೆಗೆ ಒತ್ತಿ ಸರಿಯಿತು. ಬಿಸಿಲು ಅಂಗಳ ಬಿಟ್ಟು ಎದುರು ಗೋಡೆಯ ಬುಡಕ್ಕೆ ಹೋಗಿತ್ತು. ಮಠದ ಅಂಗಳದಲ್ಲಿ ಈಗ ಎತ್ತು ಕಟ್ಟುತ್ತಿರಬೇಕು.

ಅವಳು ಹೊಸ್ತಿಲ ಮೇಲೆ ನಿಂತಳು. ಅತ್ತೆಯ ಕಡೆಗೂ ಮುಖ ಮಾಡಲಿಲ್ಲ, ಗಂಡನ ಕಡೆಗೂ ಮಾಡಲಿಲ್ಲ. ಸೆರಗು ತಲೆಯಿಂದ ಜಾರಿದ್ದನ್ನೂ ಸರಿಪಡಿಸಿಕೊಳ್ಳಲಿಲ್ಲ.

"ಅಯ್ಯನವರನ್ನ ಹೊಳ್ಳಿ ಕರೀರಿ," ಅಂದಳು. "ಕೂಸಿಗೆ ಲಿಂಗ ಕಟ್ಟಸ್ರಿ."

ಒಳಗೆ ರೊಟ್ಟಿ ಮುರಿಯುವ ಸಪ್ಪಳ ನಿಂತಿತು. ಹೊರಗೂ ನಿಂತಿತು.