ಆಕರವಿಲ್ಲದ ಸಾಲು

ಗುರುದೇವಿ ಆ ಸಾಲನ್ನು ಅಳಿಸಿದ್ದು ಅದು ಎರಡನೇ ಸಲ.

ಪವರ್ ಪ್ರೆಸ್ಸಿನಲ್ಲಿ ತಗಡು ಒತ್ತುವವರ ಬೆರಳುಗಳು ಹೇಗೆ ಹೋಗುತ್ತವೆ ಎಂಬುದರ ಮೇಲೆ ಆರು ವರ್ಷ ಸಂಶೋಧನೆ ಮಾಡಿ ಆಕೆ ಡಾಕ್ಟರೇಟ್ ಪಡೆದಿದ್ದಳು. ಪ್ರಬಂಧ ಇಂಗ್ಲಿಷಿನಲ್ಲಿತ್ತು, ವಿಶ್ವವಿದ್ಯಾಲಯದ ಬೀರುವಿನಲ್ಲಿತ್ತು. ರಾಜಾಜಿನಗರದ ಶೆಡ್ಡುಗಳಲ್ಲಿ ಅದನ್ನು ಯಾರು ಓದಬೇಕು? ಅದಕ್ಕೇ ಸಾರವನ್ನೆಲ್ಲ ಕನ್ನಡ ವಿಕಿಪೀಡಿಯದಲ್ಲಿ ಒಂದು ಪುಟವಾಗಿ ಹಾಕಿದ್ದಳು. ಊಟದ ಹೊತ್ತಿನಲ್ಲಿ ಕೆಲಸಗಾರರು ಮೊಬೈಲಿನಲ್ಲಿ ಅದನ್ನು ಓದುತ್ತಾರೆಂದು ಕೇಳಿ ಹಿಗ್ಗಿದ್ದಳು.

ಆ ಪುಟಕ್ಕೆ ಯಾರೋ ಸೇರಿಸುತ್ತಿದ್ದರು: 'ಕ್ಲಚ್ಚಿನ ಕೀಲಿ ಸವೆದಿದ್ದರೆ ಪೆಡಲ್ ತುಳಿಯದೆಯೂ ಪ್ರೆಸ್ಸು ಇಳಿಯುತ್ತದೆ. ಇಳಿಯುವ ಮುಂಚೆ ಟಕ್ ಟಕ್ ಅಂತ ಎರಡು ಸದ್ದು ಬರುತ್ತದೆ.' ಬರೆದವರ ಹೆಸರಿರಲಿಲ್ಲ, ಹೆಸರಿನ ಜಾಗದಲ್ಲಿ ಬರೀ ಅಂಕಿಗಳು. ಕೀಲಿಯ ಮಾತು ನಿಜ. ಸದ್ದಿನ ಮಾತು ಮಾತ್ರ ಆಕೆ ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಆಕರವಿಲ್ಲದ್ದು ವಿಶ್ವಕೋಶದಲ್ಲಿ ನಿಲ್ಲಕೂಡದು.

ಮಾರನೇ ಬೆಳಿಗ್ಗೆ ಮಗಳಿಗೆ ಜಡೆ ಹಾಕಿ, ಶಾಲೆಯ ವ್ಯಾನು ಹತ್ತಿಸಿ ಬಂದು ನೋಡಿದರೆ ಸಾಲು ಮತ್ತೆ ಅಲ್ಲೇ ಇತ್ತು. ಕೆಳಗೆ ಹೊಸದೊಂದು: 'ಆರನೇ ಮೆಷಿನ್ನು. ಬಾಳೇಶನಿಗೆ ಅದು ಕೇಳಿಸುವುದಿಲ್ಲ.'

ಬಾಳೇಶ ಯಾರೆಂದು ಆಕೆಗೆ ಗೊತ್ತಿತ್ತು. ಸಂಶೋಧನೆಗೆ ಮಾತಾಡಿಸಿದವರ ಪೈಕಿ ಹತ್ತೂ ಬೆರಳು ಉಳಿಸಿಕೊಂಡಿದ್ದ ಕೆಲವರಲ್ಲಿ ಅವನೊಬ್ಬ. ಕಾಲೇಜಿಗೆ ರಜೆ ಹೇಳಿ ಅವನ ಶೆಡ್ಡಿಗೆ ಆಟೋ ಹತ್ತಿದಳು.

"ಬಾಳೇಶನ ಕಿವಿಗೇನಾಗಿದೆ ಮೇಡಂ?" ಸೂಪರ್‌ವೈಸರ್ ಗಿರಿರಾಜ್ ನಕ್ಕ. "ಬೋಂಡಾ ಬಂತು ಅಂದ್ರೆ ಎಲ್ಲರಿಗಿಂತ ಮುಂಚೆ ಓಡಿ ಬರ್ತಾನೆ! ಹೋಗಿ, ನೀವೇ ಮಾತಾಡ್ಸಿ."

ಬಾಳೇಶ ಆರನೇ ಮೆಷಿನ್ನಿನ ಮುಂದೆ ಬೆನ್ನು ಹಾಕಿ ಕೂತಿದ್ದ. ತಗಡು ಒಳಗೆ ಇಡುವುದು, ಕೈ ಎಳೆಯುವುದು, ತುಳಿಯುವುದು. ಗುರುದೇವಿ ಹತ್ತಿರ ಹೋಗಿ ಕೂಗಿದಳು. ತಿರುಗಲಿಲ್ಲ. ಇನ್ನೂ ಗಟ್ಟಿಯಾಗಿ, ಕಿವಿಯ ಬಳಿಯೇ ಕೂಗಿದಳು. ಅವನ ರೆಪ್ಪೆಯೂ ಅಲುಗಲಿಲ್ಲ. ಬೋಂಡಾಕ್ಕೆ ಓಡಿ ಬರುವುದು ಮೂಗಿನಿಂದ ಎಂದು ಆಗ ಹೊಳೆಯಿತು.

ಅಷ್ಟು ಗದ್ದಲದ ನಡುವೆ, ಯಾರೋ ಉಗುರಿನಿಂದ ಬಾಗಿಲು ತಟ್ಟಿದ ಹಾಗೆ, ಟಕ್ ಟಕ್.

ಬಾಳೇಶನ ಕೈ ಒಳಗಿತ್ತು. ಗುರುದೇವಿ ಅವನ ಕಾಲರ್ ಹಿಡಿದು ಹಿಂದಕ್ಕೆಳೆದಳು. ಇಬ್ಬರೂ ನೆಲಕ್ಕೆ ಬಿದ್ದರು. ಪ್ರೆಸ್ಸು ತಾನಾಗಿಯೇ ಧಡ್ ಎಂದು ಇಳಿಯಿತು.

ಗಿರಿರಾಜ್ ಓಡಿ ಹೋಗಿ ಮೇನ್ ಆಫ್ ಮಾಡಿದ. ಶೆಡ್ಡು ತಣ್ಣಗಾಯಿತು. ಬಾಳೇಶ ಬೆರಳು ಮಡಿಸಿ, ಬಿಡಿಸಿ, ಮತ್ತೆ ಮಡಿಸಿ ನೋಡಿಕೊಂಡ. ಗುರುದೇವಿ ತನ್ನ ಕಿವಿ ಮುಟ್ಟಿ, "ಕೇಳಿಸಲ್ಲ ಅಲ್ವಾ?" ಎಂದಳು.

"ಕಿವಿ ವಿಷ್ಯ ಯಾರು ಹೇಳಿದ್ರು ಮೇಡಂ?" ಅವಳ ತುಟಿಯನ್ನೇ ನೋಡುತ್ತ ಮೆಲ್ಲಗೆ ಕೇಳಿದ. "ಗೊತ್ತಾದ್ರೆ ಕೆಲಸದಿಂದ ತೆಗೀತಾರೆ ಅಂತ ಯಾರಿಗೂ ಹೇಳಿರ್ಲಿಲ್ಲ. ಅಮೀನಪ್ಪಣ್ಣಂಗೆ ಬಿಟ್ಟು."

"ಅವರೆಲ್ಲಿ?"

"ಆರನೇ ಮೆಷಿನ್ನು ಅವ್ರದ್ದೇ. ಹೋದ ಶ್ರಾವಣದಲ್ಲಿ ತೀರ್ಕೊಂಡ್ರು. ಓದೋಕೆ ಬರ್ತಿರ್ಲಿಲ್ಲ, ನಿಮ್ಮ ಪುಟ ನಾನೇ ಓದಿ ಹೇಳ್ತಿದ್ದೆ. 'ಎಲ್ಲಾ ಬರೆದವ್ಳೆ, ಸದ್ದು ಒಂದು ಬಿಟ್ಟವ್ಳೆ ಕಣೋ' ಅಂತ ಬೈಯೋರು."

ಆ ಸಾಲುಗಳನ್ನು ತೋರಿಸಲೆಂದು ತೆಗೆದಿದ್ದ ಮೊಬೈಲನ್ನು ಗುರುದೇವಿ ತೋರಿಸಲಿಲ್ಲ. ಬ್ಯಾಗಿನೊಳಗೆ ಇಟ್ಟಳು.

ಮೆಷಿನ್ನಿನ ದೊಡ್ಡ ಗಾಲಿ ಸುತ್ತಿ ಸುತ್ತಿ, ಕೊನೆಗೆ ಪೂರ್ತಿ ನಿಂತಿತು.

"ಈಗ ಸದ್ದಿಲ್ಲ ತಾನೇ ಮೇಡಂ?" ಬಾಳೇಶ ಕೇಳಿದ. ಪ್ರೆಸ್ಸಿನ ಅಚ್ಚಿನೊಳಗೆ ಸಿಕ್ಕಿದ್ದ ತಗಡು ತೆಗೆಯಲು ಎದ್ದು ಕೈ ಚಾಚಿದ.

ಗುರುದೇವಿ ಅವನ ಮಣಿಕಟ್ಟು ಗಟ್ಟಿಯಾಗಿ ಹಿಡಿದು, ಬಾಗಿಲವರೆಗೂ ಬಿಡದೆ ಎಳೆದುಕೊಂಡು ಹೋದಳು. ಕರೆಂಟಿರಲಿಲ್ಲ, ಗಾಲಿ ತಿರುಗುತ್ತಿರಲಿಲ್ಲ. ಟಕ್ ಟಕ್ ಎಂಬ ಸದ್ದು ಮಾತ್ರ ಬರುತ್ತಲೇ ಇತ್ತು.