ಮೇಲಿನ ಓಣಿಯ ಜಮಖಾನೆ

ನಾನು ಒಂದು ಜಮಖಾನೆ. ನವಲಗುಂದದ ಇಕ್ಕಟ್ಟಾದ ಮನೆಯೊಂದರಲ್ಲಿ, ಗೋಡೆಯ ಪಕ್ಕ ನೆಟ್ಟಗೆ ನಿಲ್ಲಿಸಿದ ಮಗ್ಗದ ಮೇಲೆ ಹುಟ್ಟಿದೆ. ಹುಸೇನಬಿ ಎಂಬ ಮುದುಕಿ ಮತ್ತು ಅವಳ ಸೊಸೆ ಅಕ್ಕಪಕ್ಕ ಕುಳಿತು ನನ್ನನ್ನು ಕೆಳಗಿನಿಂದ ಮೇಲಕ್ಕೆ ನೇಯ್ದರು. ದಪ್ಪ ಹತ್ತಿ ನೂಲು, ಕೆಂಪು, ಕಪ್ಪು, ಹಳದಿ. ನಡುವೆ ಪಗಡೆ ಹಾಸಿನ ಚಿತ್ತಾರ, ಎರಡೂ ತುದಿಗೆ ನವಿಲು. ಒಂದೊಂದು ಎಳೆ ಸೇರಿದಾಗಲೂ ಕಬ್ಬಿಣದ ಹಲ್ಲಿನ ಹಣಿಗೆಯಿಂದ ನನ್ನನ್ನು ಬಡಿದು ಕೂರಿಸುತ್ತಿದ್ದರು. ಅತ್ತೆ ಸೊಸೆಗೆ ಮಾತಿರಲಿಲ್ಲ. ನೂಲು ಬೇಕಾದಾಗ ಕೈ ಚಾಚುವರು, ಅಷ್ಟೇ. ಸಿಟ್ಟಿನಿಂದ ಬಡಿದದ್ದಕ್ಕೋ ಏನೋ, ನನ್ನ ನೇಯ್ಗೆ ಬಲು ಗಟ್ಟಿಯಾಗಿ ಬಂತು.

ಬಸಲಿಂಗವ್ವ ಎಂಬ ಹುಡುಗಿಯ ತಂದೆ ಅವಳ ಮದುವೆಗೆಂದು ನನ್ನನ್ನು ಕೊಂಡುಕೊಂಡ. ಬಸಲಿಂಗವ್ವ ಏಳನೆಯ ತರಗತಿಯವರೆಗೆ ಓದಿದ್ದಳು. ಮುಂದಿನ ಶಾಲೆ ತಾಲ್ಲೂಕಿನಲ್ಲಿತ್ತು. ಬಸ್ಸಿನಲ್ಲಿ ಕಳಿಸುವುದು ಬೇಡವೆಂದು ಬಿಡಿಸಿ, ಕೆಲವು ವರ್ಷದ ಬಳಿಕ ಮದುವೆ ಮಾಡಿದರು. ತಾಮ್ರದ ಹಂಡೆ, ಪೆಟ್ಟಿಗೆ, ಹಾಸಿಗೆಗಳ ಜೊತೆಗೆ ಸುರುಳಿ ಸುತ್ತಿದ ನಾನೂ ಕರಿಹಳ್ಳದಕೊಪ್ಪ ಎಂಬ ಊರಿನ ಮೇಲಿನ ಓಣಿಗೆ, ಅವಳ ಮಾವ ಗುರುಪಾದಪ್ಪಗೌಡರ ಮನೆಗೆ ಬಂದೆ.

ನನ್ನ ಮೇಲೆ ಊರಿನ ಹಿರಿಯರು ಕುಳಿತರು. ಗೌಡರು ಕೂತರೆ ನಡುವೆಯೇ ಕೂರುವರು. ಅವರ ಭಾರ ಬಿದ್ದ ಜಾಗದಲ್ಲಿ ಪಗಡೆಯ ಬಣ್ಣ ಮೊದಲು ಮಾಸಿತು. ನಾನು ಅವರನ್ನು ಕೆಳಗಿನಿಂದ ಬಲ್ಲೆ. ನ್ಯಾಯ ಹೇಳುವಾಗ ಅವರ ಹಿಮ್ಮಡಿ ನನ್ನನ್ನು ಒತ್ತುತ್ತಿತ್ತು; ಎದುರು ಮಾತು ಬಂದರೆ ಹೆಬ್ಬೆರಳು ಬಿಗಿಯುತ್ತಿತ್ತು. ಎಲ್ಲರೂ ಎದ್ದುಹೋದ ಮೇಲೆ ಬಸಲಿಂಗವ್ವ ಬಂದು ನನ್ನನ್ನು ಕೊಡವಿ ಮಡಿಸುವಳು. ಅವಳಿಗೆ ದಾನೇಶ್ವರಿ ಎಂಬ ಮಗಳು ಹುಟ್ಟಿದಳು. ಎಲ್ಲರೂ ಕರೆಯುವುದು ದಾನವ್ವ ಎಂದು. ದಾನವ್ವನೂ ಏಳನೆಯ ತರಗತಿ ಮುಗಿಸಿ ಮನೆಯಲ್ಲಿ ಕುಳಿತಳು. ತಾಯಿ ಮಗಳು ನನ್ನ ಎರಡು ತುದಿ ಹಿಡಿದು ಕೊಡವುವಾಗ ಅವರ ಕೈಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಜೋರು ಇರುತ್ತಿತ್ತು.

ಹೀಗಿರುವಾಗ ಊರಿಗೆ ಹೈಸ್ಕೂಲು ಮಂಜೂರಾಯಿತು. ಹಳೆಯ ಶಾಲೆಯ ಹಿಂದೆ ಹೊಸ ಕೋಣೆಗಳೆದ್ದವು. ಆ ವರ್ಷ ಎಂಟನೆಯ ತರಗತಿ ಶುರುವಾಗಬೇಕು. ಸಾಕಷ್ಟು ಮಕ್ಕಳು ಸೇರದಿದ್ದರೆ ಅದು ಪಕ್ಕದ ಊರಿಗೆ ಹೋಗುತ್ತದೆ. ಹೆಡ್‌ಮಾಸ್ತರರ ಕುರ್ಚಿಯಲ್ಲಿದ್ದವರು ವಿಜಯಮಾಲಾ ಅಕ್ಕೋರು. ಪ್ರಾರಂಭೋತ್ಸವದ ತಯಾರಿಗೆ ಅವರು ಶಾಲಾ ಕಮಿಟಿಯ ಸಭೆ ಕರೆದರು. ಕಮಿಟಿಗೆ ಗೌಡರೇ ಅಧ್ಯಕ್ಷರು. ಶಾಲೆಯಲ್ಲಿ ಹಾಸಲು ಒಳ್ಳೆಯದೇನೂ ಇಲ್ಲವೆಂದು ತಿಳಿದು ನನ್ನನ್ನು ಕಳಿಸಿಕೊಟ್ಟರು. ಶಾಲೆಯ ಪಡಸಾಲೆಯಲ್ಲಿ ನನ್ನನ್ನು ಹಾಸಿದರು. ಮೇಲಿನ ಓಣಿಯವರೆಲ್ಲ ಬಂದು ಕುಳಿತರು.

“ಅಕ್ಕೋರ, ಕಾರ್ಯಕ್ರಮ ಭರ್ಜರಿ ಆಗಬೇಕ ನೋಡ್ರಿ” ಎಂದರು ಗೌಡರು. “ಸುತ್ತಲಿನ ಊರಾಗ ಹೆಸರು ಬರಬೇಕು. ಬಂಡಿ ನಮ್ಮವು, ಎತ್ತು ನಮ್ಮವು. ಕೋಡಿಗೆ ಬಣ್ಣ ಹಚ್ಚಿ, ಬೆನ್ನಿಗೆ ಜೂಲಾ ಹೊಚ್ಚಿ, ಹುಡುಗರನ್ನ ಮೆರವಣಿಗಿ ಮ್ಯಾಲೆ ತರೂಣು. ಊಟಕ್ಕ ಗೋದಿ ಹುಗ್ಗಿ.”

“ಬಾಗಲಾಗ ಒಬ್ಬೊಬ್ಬರಿಗೂ ಹೂ ಕೊಟ್ಟು, ಹೊಸ ಪುಸ್ತಕ ಕೊಡೂಣು” ಎಂದರು ಅಕ್ಕೋರು. “ಎಲ್ಲಾ ಮಕ್ಕಳೂ ಬಂಡ್ಯಾಗ ಬರ್ಲಿ ಗೌಡ್ರ.”

“ಎಲ್ಲಾ ಅಂದ್ರ?”

“ಎಲ್ಲಾ ಅಂದ್ರ ಎಲ್ಲಾರೂ.”

ಗೌಡರ ಹೆಬ್ಬೆರಳು ಬಿಗಿಯಿತು. “ಹಂಗಲ್ರಿ. ಮೆರವಣಿಗಿ ಹೊರಡೂದು ನಮ್ಮ ಓಣ್ಯಾಗಿಂದ. ಕೆಳಗಿನ ಓಣಿಯವರು ಮುಂದ ಹಲಗಿ ಬಾರಸ್ಲಿ. ಅವರ ಹುಡುಗರು ಬಂಡಿ ಹಿಂದ ನಡಕೊಂತ ಬರ್ತಾವ. ಮೊದಲಿಂದ ಹೆಂಗ ನಡದೈತಿ, ಹಂಗ.”

“ನನ್ನ ಮಗಳು ನಡಕೊಂತ ಬರಂಗಿಲ್ರಿ. ಬಂಡಿ ಹತ್ತತಾಳ.”

ಮಾತು ಅಂಗಳದಿಂದ ಬಂತು. ಹೇಳಿದವಳು ದುರಗವ್ವ, ಕೆಳಗಿನ ಓಣಿಯವಳು. ಹಲಗೆ ಬಾರಿಸುವವರ ಮನೆಯ ಹೆಣ್ಣುಮಗಳು; ಉಳ್ಳಾಗಡ್ಡಿ ಹೊಲದಲ್ಲಿ ಕೂಲಿ ಮಾಡುವವಳು. ಅವಳ ಮಗಳು ಯಮುನಾ ಎಂಟನೆಯ ತರಗತಿಗೆ ಸೇರಬೇಕಿತ್ತು. ಪಾಲಕರ ಪರವಾಗಿ ದುರಗವ್ವ ಕೂಡ ಕಮಿಟಿಯ ಸದಸ್ಯೆ. ಆದರೆ ಸಭೆಗೆ ಬಂದಾಗಲೆಲ್ಲ ತನ್ನ ಓಣಿಯವರ ಜೊತೆ ಅಂಗಳದಲ್ಲೇ ನಿಲ್ಲುತ್ತಿದ್ದಳು. ಮೇಲೆ ಬಾ ಎಂದು ಅಕ್ಕೋರು ಕರೆದರೂ ಬರುತ್ತಿರಲಿಲ್ಲ.

“ಏ ದುರಗಿ, ಎದುರಿಗೆ ಯಾರು ಅದಾರ ಅಂತ ನೋಡಿ ಮಾತಾಡು” ಎಂದು ಗೌಡರು ಗದರಿಸಿದರು.

“ನೋಡೇ ಮಾತಾಡಾಕತ್ತೇನ್ರಿ. ನನ್ನ ಹೆಸರು ದುರಗವ್ವ. ಕಮಿಟಿಯಾಗ ಹಂಗ ಬರದಾರ.”

“ಕಮಿಟಿಯಾಗ ಹೆಸರು ಬಂದ ಕೂಡ್ಲೆ ಕೋಡು ಬಂದುವೇನ? ದೂರ ನಿಂತು ಮಾತಾಡು.”

“ದೂರ ನಿಂತ್ರ ನಿಮಗ ಕೇಳಸಂಗಿಲ್ಲ ಗೌಡ್ರ. ಇಷ್ಟು ದಿನ ನೋಡೇನಿ. ಕುಂತ ಮಾತಾಡ್ತೇನಿ.”

ಅವಳು ಪಡಸಾಲೆ ಹತ್ತಿ ಬಂದು, ನನ್ನ ತುದಿಯಲ್ಲಿ, ನವಿಲಿನ ಮೇಲೆ ಕುಳಿತುಬಿಟ್ಟಳು. ಸೀರೆಗೆ ಹೊಲದ ಮಣ್ಣು ಹತ್ತಿತ್ತು. ಎರಡೂ ಅಂಗೈಗಳನ್ನು ನನ್ನ ಮೇಲೆ ಬಿಗಿಯಾಗಿ ಊರಿದಳು.

ಮೊದಲು ಅವಳ ಪಕ್ಕದಲ್ಲಿದ್ದವನು ಎದ್ದ. ಆಮೇಲೆ ಅವನ ಆಚೆಯವನು. ಒಂದೊಂದೇ ಭಾರ ನನ್ನ ಮೇಲಿಂದ ಇಳಿಯತೊಡಗಿತು. ಕೊನೆಗೆ ನಡುವೆ ಕುಳಿತಿದ್ದ ಗೌಡರೂ ಎದ್ದರು. ಎದ್ದು, ನನ್ನಿಂದ ಆಚೆ ಇಳಿದು, ಮೈಲಿಗೆ ಹತ್ತಿದಂತೆ ಅಂಗಾಲನ್ನು ನೆಲಕ್ಕೆ ಒರೆಸಿಕೊಂಡರು.

“ಅಕ್ಕೋರ, ನಿಮ್ಮ ಸಾಲಿ ನೀವ ಚಾಲೂ ಮಾಡ್ಕೋರಿ. ನಮ್ಮ ಓಣಿಯಿಂದ ಒಂದ ಬಂಡಿ ಬರಂಗಿಲ್ಲ, ಒಂದ ಹುಡುಗ ಬರಂಗಿಲ್ಲ.”

“ಹುಡುಗರು ತುಂಬಲಿಲ್ಲಂದ್ರ ಎಂಟನೇತ್ತ ಬ್ಯಾರೆ ಊರಿಗೆ ಹೋಗತೈತ್ರಿ.”

“ಹೋಗ್ಲಿ.”

ಉಳಿದವರು ಇಬ್ಬರೇ, ಅಕ್ಕೋರು ಮತ್ತು ದುರಗವ್ವ. ಅಕ್ಕೋರಿಗೂ ಸಿಟ್ಟು ಬಂದಿತ್ತು. “ಇನ್ನೊಂದಿಷ್ಟು ತಡಕೋಬಾರದಾಗಿತ್ತೇನ ದುರಗವ್ವ? ಮೊದಲು ಸಾಲಿ ನಿಂತಿದ್ರ ಆಮ್ಯಾಲೆ ಬಂಡಿ ಬಗ್ಗೆ ನೋಡಬಹುದಿತ್ತು.”

“ನನ್ನವ್ವನೂ ಹಿಂಗ ತಡಕೊಂಡಿದ್ಲರಿ. ನಿಮಗ ಬ್ಯಾಡಾದ್ರ ಹೇಳ್ರಿ, ಎದ್ದು ಹೋಗ್ತೇನಿ.”

ಅಕ್ಕೋರು ಏಳೆಂದು ಹೇಳಲಿಲ್ಲ, ತಾವೂ ಏಳಲಿಲ್ಲ.

ನನ್ನನ್ನು ಒಯ್ಯಲು ಗೌಡರ ಮನೆಯಿಂದ ಯಾರೂ ಬರಲಿಲ್ಲ. ಅಕ್ಕೋರು ಹೇಳಿ ಕಳಿಸಿದಾಗ ಆಳು ಬಂದು ಗೇಟಿನ ಆಚೆಯೇ ನಿಂತು ಕೂಗಿದ: “ಜಮಖಾನಿ ಮನಿಗೆ ಬರಬಾರದಂತ ಗೌಡ್ರು ಹೇಳ್ಯಾರ. ಸುಟ್ಟರೂ ಅಡ್ಡಿಲ್ಲಂತ.” ಅದೇ ಗೌಡರ ಭಾರ ಹೊತ್ತು ನನ್ನ ಬಣ್ಣ ಹೋಗಿತ್ತು. ಒಬ್ಬ ಹೆಂಗಸು ಸ್ವಲ್ಪ ಹೊತ್ತು ಕುಳಿತಿದ್ದಕ್ಕೆ ನಾನು ಮೈಲಿಗೆಯಾದೆ. ಆ ಮಾತು ಕೇಳಿದಾಗ ನನಗೆ ದುಃಖವಾಗಲಿಲ್ಲ. ಸುಡುವಂಥ ಸಿಟ್ಟು ಬಂತು. ಕೈಕಾಲಿಲ್ಲದ ವಸ್ತುವಿನ ಸಿಟ್ಟು ಎಲ್ಲಿಗೆ ಹೋಗಬೇಕು?

ತಾಲ್ಲೂಕಿನ ಅಧಿಕಾರಿಗೆ ಅಕ್ಕೋರು ಫೋನು ಮಾಡಿದರು. “ಊರಲ್ಲಿ ಗದ್ದಲವಿದ್ದರೆ ಉತ್ಸವ ಮುಂದೂಡಿ, ನಾನು ಬರುವುದಿಲ್ಲ” ಎಂದು ಅತ್ತ ಕಡೆಯ ದನಿ ಹೇಳಿತು. ಅಕ್ಕೋರು ಫೋನಿಟ್ಟು, ಮಾವಿನ ತೋರಣ ಕಟ್ಟಲು ತಾವೇ ಸ್ಟೂಲು ಹತ್ತಿದರು. ಮರುದಿನ ಬಂದು ನೋಡಿದರೆ ತೋರಣ ನೆಲದಲ್ಲಿ ಬಿದ್ದಿತ್ತು. ಪಡಸಾಲೆಯಲ್ಲಿದ್ದ ನನ್ನನ್ನು ಯಾರೋ ಕುಡುಗೋಲಿನಿಂದ ಉದ್ದಕ್ಕೆ ಸೀಳಿದ್ದರು. ಯಾರೆಂದು ನನಗೆ ಗೊತ್ತು. ಅವರು ನನ್ನ ಮೇಲೆ ಕುಳಿತು ಚಹಾ ಕುಡಿದವರೇ.

ದುರಗವ್ವ ದಬ್ಬಣ ಮತ್ತು ಗೋಣಿದಾರ ತಂದು ನನ್ನನ್ನು ಹೊಲಿದಳು. ಪ್ರೀತಿಯಿಂದ ಹೊಲಿದಳು ಎಂದು ಹೇಳಲಾರೆ. ಪ್ರತಿ ಹೊಲಿಗೆಗೂ ಒಂದು ಬೈಗುಳವಿತ್ತು. ಮೇಲಿನ ಓಣಿಯ ಒಂದು ಮನೆಯನ್ನೂ ಅವಳು ಬಿಡಲಿಲ್ಲ. ಹೊಲಿಗೆ ಓರೆಕೋರೆಯಾಗಿ ಬಂತು, ಆದರೆ ಇವತ್ತಿಗೂ ಬಿಚ್ಚಿಲ್ಲ.

ಉತ್ಸವದ ದಿನ ಬಂತು. ಅಧಿಕಾರಿಯಿಲ್ಲ, ಶಾಮಿಯಾನವಿಲ್ಲ, ಹುಗ್ಗಿಯಿಲ್ಲ. ಅಕ್ಕೋರು ತಾಟಿನಲ್ಲಿ ಸೇವಂತಿಗೆ ಹೂ ಇಟ್ಟುಕೊಂಡು ಹೊಸ ಕೋಣೆಯ ಬಾಗಿಲಲ್ಲಿ ನಿಂತರು. ನಾನು ಒಳಗೆ, ಗೋಡೆಯ ಕಪ್ಪು ಹಲಗೆಯ ಮುಂದೆ ಹಾಸಿಕೊಂಡಿದ್ದೆ. ಕೆಳಗಿನ ಓಣಿಯಲ್ಲಿ ಹಲಗೆಯ ಸದ್ದು ಎದ್ದಿತು. ಈ ಸಲ ಅವರು ಬಾರಿಸುತ್ತಿದ್ದುದು ತಮ್ಮ ಮಕ್ಕಳಿಗಾಗಿ. ಸದ್ದು ಹತ್ತಿರ ಹತ್ತಿರ ಬಂದು, ಮೇಲಿನ ಓಣಿಯ ಬಾಯಲ್ಲಿ ಒಮ್ಮೆಲೇ ನಿಂತಿತು. ಕೂಗಾಟ ಕೇಳಿಸಿತು. ಅಕ್ಕೋರು ತಾಟು ಕೆಳಗಿಟ್ಟು ಗೇಟಿನತ್ತ ಓಡಿದರು. ಆಮೇಲೆ ಹಲಗೆ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ಆಗಿದ್ದೇನೆಂದು ಮಕ್ಕಳು ಏದುಸಿರು ಬಿಡುತ್ತ ಹೇಳಿದ ಮೇಲೆ ನನಗೆ ತಿಳಿಯಿತು. ಶಾಲೆಗೆ ಬರುವ ದಾರಿ ಅದೊಂದೇ. ಗೌಡರು ತಮ್ಮ ಬಂಡಿಯನ್ನೇ ಓಣಿಗೆ ಅಡ್ಡ ನಿಲ್ಲಿಸಿ, ಎತ್ತು ಬಿಚ್ಚಿಸಿ, ಕಟ್ಟೆಯ ಮೇಲೆ ಕುಳಿತಿದ್ದರಂತೆ. ಎರಡೂ ಕಡೆ ಗೋಡೆ, ನಡುವೆ ಬಂಡಿ. ದೊಡ್ಡವರು ಬೈದಾಡುತ್ತ ನಿಂತಾಗ ಯಮುನಾ ಚಕ್ರದ ಮೇಲೆ ಕಾಲಿಟ್ಟು ಬಂಡಿ ಹತ್ತಿದಳಂತೆ. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲ ಮಕ್ಕಳೂ ಹತ್ತಿ, ಆಚೆ ಕಡೆ ಜಿಗಿದರಂತೆ.

“ಅಕ್ಕೋರ, ನಾವೆಲ್ಲಾರೂ ಬಂಡಿ ಹತ್ತಿದ್ವಿ!” ಎಂದಳು ಯಮುನಾ. ಅವಳ ಮೊಣಕೈ ತರಚಿತ್ತು. ಅಕ್ಕೋರು ನಕ್ಕರೋ ಅತ್ತರೋ ನನಗೆ ಕಾಣಿಸಲಿಲ್ಲ. ಒಬ್ಬೊಬ್ಬರಿಗೂ ಹೂ ಕೊಟ್ಟು ಒಳಗೆ ಕರೆದರು. ಮಕ್ಕಳು ಸಾಲಾಗಿ ಬಂದು ನನ್ನ ಮೇಲೆ ಕುಳಿತರು. ಆದರೂ ನನ್ನ ಅರ್ಧ ಖಾಲಿಯೇ ಉಳಿಯಿತು. ಅಷ್ಟು ಮಕ್ಕಳು ಸಾಲದೆಂಬುದು ಅಕ್ಕೋರಿಗೂ ಗೊತ್ತಿತ್ತು, ಬಾಗಿಲಲ್ಲಿ ನಿಂತ ದುರಗವ್ವನಿಗೂ ಗೊತ್ತಿತ್ತು.

ಆಗ ಅಂಗಳದಲ್ಲಿ ಬಳೆಯ ಸದ್ದಾಯಿತು. ಬಸಲಿಂಗವ್ವ ಬಂದಿದ್ದಳು. ದಾನವ್ವನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು.

“ನಮ್ಮ ಜಮಖಾನಿ ಒಯ್ಯಾಕ ಬಂದೇನಿ” ಎಂದಳು, ಯಾರ ಮುಖವನ್ನೂ ನೋಡದೆ. “ಅದು ಮಾವನ ಮನೀದಲ್ಲ. ನನ್ನ ತವರಮನೀದು.”

ದುರಗವ್ವ ದಾರಿ ಬಿಡಲಿಲ್ಲ. “ಒಯ್ಯವಾ, ಯಾರು ಬ್ಯಾಡ ಅಂದಾರು? ಹಂಗ ಒಯ್ತಿಯೋ, ನೀರಾಗ ಹಾಕಿ ತೊಳದು ಒಯ್ತಿಯೋ? ನಾ ಅದರ ಮ್ಯಾಲೆ ಕುಂತೇನಿ ಮತ್ತ.”

ಬಸಲಿಂಗವ್ವ ನನ್ನನ್ನು ನೋಡಿದಳು. ಉದ್ದನೆಯ ಸೀಳನ್ನು ನೋಡಿದಳು, ಗೋಣಿದಾರದ ಹೊಲಿಗೆ ನೋಡಿದಳು.

“ಹಂಗ ಒಯ್ದರ ಮನ್ಯಾಗ ಹಾಸಾಕ ಬಿಡಂಗಿಲ್ಲ” ಎಂದಳು. “ತೊಳದು ಒಯ್ಯಾಕ ನನಗ ಮನಸಿಲ್ಲ. ಇಲ್ಲೇ ಇರ್ಲಿ. ಇಕಿನೂ ಇಲ್ಲೇ ಇರ್ಲಿ.”

ಹೀಗೆಂದು ದಾನವ್ವನನ್ನು ಒಳಗೆ ನೂಕಿದಳು. ದಾನವ್ವ ನನ್ನ ಖಾಲಿ ಅರ್ಧದಲ್ಲಿ, ಯಮುನಾಳಿಂದ ದೂರ ಬಂದು ಕುಳಿತಳು. ಅವಳಿಗೆ ಕೊಡಲು ತಾಟಿನಲ್ಲಿ ಹೂವು ಮುಗಿದಿತ್ತು. ಯಮುನಾ ತನ್ನದನ್ನು ಕೊಡುತ್ತಾಳೆಂದುಕೊಂಡೆ; ಕೊಡಲಿಲ್ಲ. ಮೊಣಕೈ ತರಚಿಕೊಂಡು ಗಳಿಸಿದ ಹೂವು, ಅದು ಅವಳದೇ.

ಅಷ್ಟರಲ್ಲಿ ಗೇಟಿನ ಆಚೆ ಗೌಡರ ದನಿ: “ಬಸಲಿಂಗವ್ವಾ! ಹುಡುಗಿ ಕರಕೊಂಡು ಹೊರಗ ಬಾ!”

“ಇಕಿನ್ನ ಸಾಲಿಗೆ ಹಚ್ಚೇನ್ರಿ ಮಾವಾರ.”

“ಮನಿಗೆ ಹೆಂಗ ಬರ್ತಿ ನೋಡ್ತೇನಿ.”

“ಬರಾಕ ಬಿಡದಿದ್ರ ಇಲ್ಲೇ ಸಾಲಿ ಪಡಸಾಲ್ಯಾಗ ಇರ್ತೇನಿ. ಊರಾಗಿನವರು ಕೇಳಿದ್ರ ನೀವ ಉತ್ತರಾ ಕೊಡ್ರಿ.”

ಗೌಡರು ಒಳಗೆ ಬರಲಿಲ್ಲ. ಬಹುಶಃ ಬಂದರೆ ನನ್ನ ಮೇಲೆ ಕಾಲಿಡಬೇಕಾಗುತ್ತದೆಂದು. ಅವರ ಕೋಲು ಗೇಟಿಗೆ ಒಮ್ಮೆ ಬಡಿದ ಸದ್ದು ಕೇಳಿತು, ಆಮೇಲೆ ಹೆಜ್ಜೆಗಳು ದೂರ ಹೋದವು.

ಬಸಲಿಂಗವ್ವನನ್ನು ಮನೆಯಿಂದ ಹೊರಹಾಕಲಿಲ್ಲ. ಆದರೆ ಆ ಮಳೆಗಾಲವೆಲ್ಲ ಅವಳೂ ಮಗಳೂ ಹಿತ್ತಲಲ್ಲಿ ಬೇರೆ ಒಲೆ ಹೂಡಿ ಉಂಡರು, ಮನೆಯಲ್ಲಿ ಯಾರೂ ಅವರನ್ನು ಮಾತಾಡಿಸಲಿಲ್ಲ ಎಂದು ದಾನವ್ವ ಅಕ್ಕೋರ ಮುಂದೆ ಹೇಳಿದ್ದನ್ನು ಕೇಳಿದೆ. ಗೌಡರ ಮೊಮ್ಮಗಳೇ ಹೋಗುತ್ತಾಳಲ್ಲ ಎಂದು ಮೇಲಿನ ಓಣಿಯ ಬೇರೆ ತಾಯಂದಿರೂ ಮನೆಯಲ್ಲಿ ಕೂತ ಹೆಣ್ಣುಮಕ್ಕಳನ್ನು ಕಳಿಸತೊಡಗಿದರು. ಎಂಟನೆಯ ತರಗತಿ ಊರಲ್ಲೇ ಉಳಿಯಿತು. ಬಸಲಿಂಗವ್ವ ಮತ್ತು ದುರಗವ್ವ ಗೆಳತಿಯರಾಗಲಿಲ್ಲ. ದಾರಿಯಲ್ಲಿ ಎದುರಾದರೆ ಒಬ್ಬರು ಆಚೆ ನೋಡುವರು, ಒಬ್ಬರು ಈಚೆ ನೋಡುವರು. ದಾನವ್ವ ಯಮುನಾ ಮಾತ್ರ ನನ್ನ ಮೇಲೆ ಕುಳಿತು ಲೆಕ್ಕದ ಉತ್ತರಕ್ಕಾಗಿ ಜುಟ್ಟು ಹಿಡಿದು ಜಗಳಾಡುವಷ್ಟು ಹತ್ತಿರವಾದರು. ಆ ಜಗಳ ನನಗೆ ಇಷ್ಟವಾಗುತ್ತಿತ್ತು.

ಈಗ ನಾನು ಮುದಿಯಾಗಿದ್ದೇನೆ. ಶಾಲೆಗೆ ಪ್ಲಾಸ್ಟಿಕ್ ಕುರ್ಚಿಗಳು ಬಂದ ಮೇಲೆ ನನ್ನನ್ನು ಬಿಸಿಯೂಟದ ಅಕ್ಕಿ ಚೀಲಗಳ ಕೆಳಗೆ ಹಾಸಿದ್ದಾರೆ. ಒಂದು ನವಿಲನ್ನು ಇಲಿ ತಿಂದಿದೆ. ಒಳ್ಳೆಯ ಮಾತು ಹೇಳಿ ಮುಗಿಸುವ ವಯಸ್ಸು ನನ್ನದು, ಆದರೆ ಹೇಳಲು ಅಂಥದ್ದೇನೂ ಇಲ್ಲ. ನನ್ನಿಂದ ಎರಡು ಓಣಿ ಒಂದಾಗಲಿಲ್ಲ.

ಪ್ರತಿ ವರ್ಷ ಪ್ರಾರಂಭೋತ್ಸವಕ್ಕೆ ಮುಂಚೆ ಪಕ್ಕದ ಕೋಣೆಯಲ್ಲಿ ಸಭೆ ಸೇರುತ್ತದೆ. ಗೋಡೆಯ ಈಚೆಯಿಂದ ಎಲ್ಲ ಕೇಳಿಸುತ್ತದೆ. ಬಂಡಿ ಯಾವ ಓಣಿಯಿಂದ ಹೊರಡಬೇಕು, ಮುಂದಿನ ಸಾಲಿನಲ್ಲಿ ಯಾರು ಕೂರಬೇಕು ಎಂದು ಈಗಲೂ ಕೂಗಾಡುತ್ತಾರೆ, ಕುರ್ಚಿ ಎಳೆದಾಡುತ್ತಾರೆ. ಈ ಸಲವಂತೂ ಜಗಳ ಜೋರಾಗಿತ್ತು. ಮೇಲಿನ ಓಣಿಯವನೊಬ್ಬ “ಮುಗೀತಿಲ್ಲೋ ನಿಂದು?” ಎಂದು ಕಿರುಚಿದ. “ಇಲ್ಲ, ಇನ್ನೂ ಐತಿ, ಕುಂಡ್ರು” ಎಂದಿತು ಕೆಳಗಿನ ಓಣಿಯ ದನಿ. ಅದು ಮೊದಲಿನ ಹಾಗೆ ಅಂಗಳದಿಂದ ಬಂದ ದನಿಯಲ್ಲ. ಕೋಣೆಯ ಒಳಗಿನಿಂದಲೇ ಬಂದದ್ದು.