ಗ್ರಾಮಣ್ಣನ ಕೈ ಮತ್ತು ಒಂದು ಹಿಡಿ ಸಕ್ಕರೆ

ನಾನು ಹೇಳುವ ಕತೆಗಳಲ್ಲಿ ಮುಕ್ಕಾಲು ಪಾಲು ಒಗ್ಗರಣೆ ಅಂತ ನಮ್ಮ ಆಫೀಸಿನಲ್ಲಿ ಮಾತಿದೆ. ಇದಕ್ಕೆ ಮಾತ್ರ ಒಂದು ಸಾಸಿವೆಯನ್ನೂ ಸಿಡಿಸಿಲ್ಲ. ನಡೆದದ್ದು ನಡೆದ ಹಾಗೆ. ಅನುಮಾನವಿದ್ದರೆ ತೂಗಿ ನೋಡಿ.

ತೂಗಿ ನೋಡುವುದೇ ನಮ್ಮ ಕಸುಬು. ಅಂಗಡಿಯ ತಕ್ಕಡಿ, ಬಟ್ಟೆ ಅಳೆಯುವ ಕೋಲು, ಪೆಟ್ರೋಲ್ ಬಂಕಿನ ಮೀಟರು ಎಲ್ಲ ಸರಿಯಾಗಿದೆಯಾ ಅಂತ ನೋಡಿ ಮುದ್ರೆ ಒತ್ತುವ ಇಲಾಖೆ. ಅಲ್ಲಿ ಎಲ್ಲರಿಗಿಂತ ಹಿರಿಯ ಇನ್ಸ್‌ಪೆಕ್ಟರು ಗ್ರಾಮಣ್ಣ. ಯಾವ ಗ್ರಾಮದವರೂ ಅಲ್ಲ. ಒಂದು ಗ್ರಾಂ ಹೆಚ್ಚುಕಮ್ಮಿಯಾದರೂ ಬಿಡುವವರಲ್ಲ ಅಂತ ನಾನೇ ಇಟ್ಟ ಹೆಸರು.

ಗ್ರಾಮಣ್ಣನವರಿಗೆ ನಿವೃತ್ತಿ ಹತ್ತಿರ ಬಂದ ಹಾಗೆ ಅಂಗಡಿಯ ಹುಚ್ಚು ಹತ್ತಿತು. ನಮ್ಮ ಆಫೀಸಿನ ಬೀದಿ ಮೂಲೆಯ ಕಿರಾಣಿ ಅಂಗಡಿಯ ಸಾಹುಕಾರನಿಗೂ ಅದನ್ನು ಯಾರಿಗಾದರೂ ಕಟ್ಟಿ ಕೈತೊಳೆದುಕೊಳ್ಳುವ ತವಕ. "ಭಾನುವಾರ ಒಂದಿನ ಗಲ್ಲಾದಲ್ಲಿ ಕೂತು ನೋಡಿ ಸಾರ್, ಸೋಮವಾರ ಮುಂಗಡ ಕೊಡಿ" ಅಂದ. ನಿವೃತ್ತಿಯ ಇಡುಗಂಟು ಕೈಗೆ ಬರುವುದು ಇನ್ನೂ ತಡ. ಮುಂಗಡಕ್ಕೆ ಇದ್ದದ್ದು ಒಂದೇ ದುಡ್ಡು: ಹೆಂಡತಿಯ ಮಂಡಿ ಆಪರೇಷನ್ನಿಗೆ ಅಂತ ತೆಗೆದಿಟ್ಟದ್ದು.

ಅವರ ಹೆಂಡತಿ, ಅಂದರೆ ನಾವೆಲ್ಲ ಅತ್ತಿಗೆ ಅನ್ನುವವರು, ನನ್ನನ್ನು ಕರೆದು ಕೂರಿಸಿಕೊಂಡರು.

"ನೋಡಪ್ಪಾ, ಮೆಟ್ಟಿಲು ಇಳಿಯುವಾಗ ಈ ಗೋಡೆ ನನ್ನ ಕೈ ಹಿಡಿದಷ್ಟು ಕಟ್ಟಿಕೊಂಡ ಗಂಡ ಹಿಡಿದಿಲ್ಲ. ಕೇಳಿದ್ರೆ, ಮೊದಲು ಅಂಗಡಿ, ಆಮೇಲೆ ಮಂಡಿ ಅಂತಾರೆ."

"ಅವರು ಅಕ್ಕಿಬೇಳೆ ಮಂಡಿ ಅಂದ್ಕೊಂಡಿರಬೇಕು ಅತ್ತಿಗೆ."

"ನಿನ್ನ ತಮಾಷೆ ನನ್ನ ಹತ್ರ ಬೇಡ. ಹೋಗಿ ಅವರ ಹತ್ರ ಮಾಡು."

ಅಪ್ಪಣೆ ಸಿಕ್ಕ ಮೇಲೆ ನನ್ನನ್ನು ಹಿಡಿಯುವವರು ಯಾರು?

ಆ ಭಾನುವಾರ ಆಫೀಸಿನಲ್ಲಿ ನನ್ನದೇ ಪಾಳಿ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿದ ಗಂಟಲು ನನ್ನದು. ನಮ್ಮ ಇಲಾಖೆಯ ದೊಡ್ಡ ಸಾಹೇಬರ ದನಿ ಯಾವ ಲೆಕ್ಕ? ಅದು ಮೂಗಿನಲ್ಲಿ ಹೊರಟು, ಗಂಟಲಲ್ಲಿ ಸ್ವಲ್ಪ ಕೆಟ್ಟು ನಿಂತು, "ಅಂದ ಹಾಗೆ" ಅಂತ ತಳ್ಳಿದ ಮೇಲೆ ಮುಂದಕ್ಕೆ ಹೋಗುವ ಗಾಡಿ. ಆಫೀಸಿನ ಫೋನಿನಿಂದಲೇ ಗ್ರಾಮಣ್ಣನವರಿಗೆ ಕರೆ ಮಾಡಿದೆ.

"ಹ್ಞಾಂ... ನಾನು. ಅಂದ ಹಾಗೆ, ಮೂಲೆ ಕಿರಾಣಿ ಅಂಗಡಿ ಮೇಲೆ ತೂಕದ ದೂರು ಬಂದಿದೆ. ಯಾರೋ ಹೊಸಬ ಕೂತಿದ್ದಾನಂತೆ. ಅಂದ ಹಾಗೆ... ಈಗಲೇ ಹೋಗಿ ನೋಡಿ."

"ಆಗಲಿ ಸಾರ್," ಅಂದರು ಗ್ರಾಮಣ್ಣ. ಆ ದನಿಯಲ್ಲಿ ಸಲಾಮು ಕೂಡ ಕೇಳಿಸಿತು.

ನನ್ನ ಎಣಿಕೆ ಇಷ್ಟೇ. ನೌಕರಿ ಮುಗಿಯುವ ಮೊದಲೇ ಗಲ್ಲಾದಲ್ಲಿ ಕೂತದ್ದು ಸಾಹೇಬರಿಗೆ ಗೊತ್ತಾಯಿತು ಅಂತ ಬೆವೆತು ಮನೆಗೆ ಓಡುತ್ತಾರೆ, ಸೋಮವಾರದ ಮುಂಗಡ ತಪ್ಪುತ್ತದೆ. ಆ ಓಟ ನೋಡೋಣ ಅಂತ ಕಿರಾಣಿ ಅಂಗಡಿಯ ಎದುರಿನ ಕ್ಷೌರದಂಗಡಿಯ ಕುರ್ಚಿಯಲ್ಲಿ ಹೋಗಿ ಕೂತೆ.

ಅವರು ಓಡಲಿಲ್ಲ. ಗಲ್ಲಾದಿಂದ ಇಳಿದು, ಮಡಚಿದ್ದ ಅಂಗಿಯ ತೋಳು ಬಿಚ್ಚಿ ಗುಂಡಿ ಹಾಕಿಕೊಂಡು, ಬೀದಿಗೆ ಬಂದು ಅಂಗಡಿಯ ಕಡೆ ಮುಖ ಮಾಡಿ ನಿಂತರು.

"ಇಲ್ಲಿ ತೂಕ ಮಾಡೋರು ಯಾರು?" ಅಂತ ಕೇಳಿದರು.

ಗಲ್ಲಾದಲ್ಲಿ ಯಾರೂ ಇರಲಿಲ್ಲ. ತಾವೇ ಕೌಂಟರ್ ಸುತ್ತಿಕೊಂಡು ಒಳಗೆ ಹೋಗಿ, ಮೆತ್ತಗಿನ ದನಿಯಲ್ಲಿ, "ನಾನೇ ಸಾರ್. ಇವತ್ತೇ ಕೂತಿದ್ದು" ಅಂದರು. ಮತ್ತೆ ಹೊರಗೆ ಬಂದು, "ಎಲ್ಲರೂ ಇದನ್ನೇ ಹೇಳ್ತಾರೆ. ಕಟ್ಟಿಟ್ಟ ಪೊಟ್ಟಣ ತೆಗೀರಿ" ಅಂದರು. ಅಕ್ಕಿ ಮೂಟೆಯ ಮೇಲೆ ಕೂತಿದ್ದ ಸಾಹುಕಾರ ಬಾಯಿ ಮುಚ್ಚುವುದನ್ನೇ ಮರೆತ. ನಾನೂ ಅಷ್ಟೇ. ಇಷ್ಟು ವರ್ಷ ಕಂಡವರ ದನಿ ಕದ್ದು ಮೆರೆದವನಿಗೆ, ಒಬ್ಬನೇ ಮನುಷ್ಯ ಇಬ್ಬರಾಗುವುದನ್ನು ಅಲ್ಲಿ ಪುಕ್ಕಟೆ ಕಲಿಸುತ್ತಿದ್ದರು. ನಾನು ರಸ್ತೆ ದಾಟಿದೆ.

ಯಂತ್ರದ ಮೇಲೆ ಹಿತ್ತಾಳೆಯ ತೂಕದ ಬಟ್ಟು ಇಟ್ಟು ನೋಡಿದರು. ಯಂತ್ರ ಸರಿಯಿತ್ತು. ಬೆಳಿಗ್ಗೆ ತಾವೇ ಕಟ್ಟಿದ ಒಂದು ಕಿಲೋ ಸಕ್ಕರೆಯ ಪೊಟ್ಟಣ ಇಟ್ಟರು. ಅಂಕಿ ಕಿಲೋ ದಾಟಿ ನಿಂತಿತು. ಇನ್ನೊಂದು ಇಟ್ಟರು. ಅದೂ ದಾಟಿತು. ಸಾಲಿನಲ್ಲಿದ್ದ ಒಂದೂ ಸರಿಯಿರಲಿಲ್ಲ.

"ದೂರು ನಿಜ," ಅಂದರು ಗ್ರಾಮಣ್ಣ. ಮುಖ ಬಿಳಿಚಿಕೊಂಡಿತ್ತು. "ತೂಕ ತಪ್ಪಿದೆ."

"ಜಾಸ್ತಿ ಕೊಟ್ಟಿದ್ದೀರಿ ಸಾರ್," ಅಂದೆ ನಾನು. "ಜಾಸ್ತಿ ಕೊಟ್ಟವನ ಮೇಲೆ ಯಾರು ದೂರು ಕೊಡ್ತಾರೆ?"

"ನಾನು ಕೊಡ್ತೀನಿ," ಅಂದ ಸಾಹುಕಾರ ಮೂಟೆಯಿಂದ ಎದ್ದು. "ಸಕ್ಕರೆಯಲ್ಲಿ ನಮಗೆ ಉಳಿಯೋದೇ ಆ ಒಂದು ಹಿಡಿ. ಬೆಳಿಗ್ಗೆಯಿಂದ ಅದನ್ನ ಬೀದಿಗೆ ಹಂಚಿದ್ದೀರಿ."

ಅಷ್ಟರಲ್ಲಿ ಅತ್ತಿಗೆ ಊಟದ ಡಬ್ಬಿ ಹಿಡಿದು, ಬಾಗಿಲ ಚೌಕಟ್ಟು ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಗ್ರಾಮಣ್ಣ ಅವರತ್ತ ನೋಡಲಿಲ್ಲ.

"ಗಮನ ಇಟ್ಟರೆ ಆಗುತ್ತೆ," ಅಂತ ಹೊಸದೊಂದು ಪೊಟ್ಟಣ ತುಂಬಿದರು. ಸರಿಯಾಗಿ ಒಂದು ಕಿಲೋ. ನಾವು ಮೂವರೂ ಬಗ್ಗಿ ನೋಡಿದೆವು. ಅವರು ದಾರ ಎಳೆದುಕೊಳ್ಳಲು ಎಡಗೈ ಚಾಚಿದಾಗ, ಬಲಗೈ ತನ್ನಷ್ಟಕ್ಕೆ ಮೂಟೆಗೆ ಹೋಗಿ, ಒಂದು ಹಿಡಿ ತಂದು ಸುರಿದು, ಏನೂ ಆಗದ ಹಾಗೆ ಗಂಟು ಹಾಕಿತು.

"ನೋಡಿದ್ರಾ, ಸರಿಯಾಗಿ..." ಅಂದವರು ನಮ್ಮ ಮುಖ ಕಂಡು ನಿಂತರು. ತೂಕಕ್ಕಿಟ್ಟರು. ಆಮೇಲೆ ತಮ್ಮ ಅಂಗೈಯನ್ನೇ ತಿರುಗಿಸಿ ನೋಡಿದರು. ಬೆರಳ ಸಂದಿಯಲ್ಲಿ ಸಕ್ಕರೆ ಅಂಟಿತ್ತು.

"ಕಮ್ಮಿ ತೂಗಿದವರನ್ನ ಹಿಡಿದೂ ಹಿಡಿದೂ ಈ ಕೈಗೆ ಭಯ ಹತ್ತಿದೆ ಕಣೇ. ಈ ಕೈ ಇಟ್ಟುಕೊಂಡು ವ್ಯಾಪಾರ ಮಾಡಿದರೆ ಅಂಗಡಿ ಜೊತೆ ನಿನ್ನ ಮಂಡೀನೂ ಹಂಚಿಬಿಡ್ತೀನಿ."

"ಹಾಗಾದ್ರೆ ನಾಳೆ?" ಅಂದರು ಅತ್ತಿಗೆ.

"ನಾಳೆ ಡಾಕ್ಟರ ಹತ್ರ. ಸಾಹುಕಾರ್ರೇ, ಬೇರೆ ಗಿರಾಕಿ ನೋಡ್ಕೊಳ್ಳಿ. ಇವತ್ತಿನ ನಷ್ಟ ನನ್ನದು." ಆಮೇಲೆ ಫೋನ್ ತೆಗೆದರು. "ಸಾಹೇಬರಿಗೆ ವರದಿ ಒಪ್ಪಿಸಿಬಿಡ್ತೀನಿ."

ನಿಜವಾದ ಸಾಹೇಬರು ಎತ್ತಿದರೆ ನನ್ನ ಗತಿ? ಬೇರೆ ದಾರಿ ಕಾಣದೆ ಮೂಗಿಗೆ ದನಿ ಏರಿಸಿದೆ.

"ಹ್ಞಾಂ... ವರದಿ ಬಂತು. ಅಂದ ಹಾಗೆ..."

ಗ್ರಾಮಣ್ಣ ಫೋನನ್ನು ಕಿವಿಯ ಹತ್ತಿರವೇ ಹಿಡಿದು ನನ್ನತ್ತ ತಿರುಗಿದರು. ಸಾಹುಕಾರನಿಗೆ ನಗು ಬರಲಿಲ್ಲ, ಪಾಪ. ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಾನು ಏಟು ಬಿದ್ದೀತೆಂದು ಒಂದು ಹೆಜ್ಜೆ ಹಿಂದಕ್ಕೆ ಸರಿದೆ.

"ನಿಂಗೆ ಆಗಲಿ ಸಾರ್ ಅಂದ್ನಲ್ಲೋ," ಅಂದರು. "ಎದ್ದು ನಿಂತು ಅಂದೆ ಕಣೋ."

ಅಷ್ಟು ಹೇಳಿ ಕೌಂಟರ್ ಹಿಡಿದುಕೊಂಡು ನಗಲು ಶುರುಮಾಡಿದರು. ನಾವು ನಕ್ಕು ಸುಸ್ತಾಗಿ ನಿಲ್ಲಿಸಿದರೂ ಅವರು ನಿಲ್ಲಿಸಲಿಲ್ಲ. ಎದುರಿನ ಕ್ಷೌರದವನು ಕತ್ತರಿ ಕೈಯಲ್ಲೇ ಹಿಡಿದು, ಒಳಗೆ ಯಾರಿಗೆ ಏನಾಯಿತು ಅಂತ ಓಡಿ ಬಂದ.